ವೈನ್ ಲೋಟಕ್ಕೆ ಮುರುಗಲು

ಮುರುಗಲು (ಕೋಕಂ) ಹಣ್ಣಿನ ಶರಬತ್ತನ್ನೇ ವೈನ್ ಲೋಟಕ್ಕೆ ಸುರಿದರೆ ಸಾಲದು. ಅದು ಸಿಹಿ ಜಾಸ್ತಿ, ಎರಡೇ ಗುಟುಕಿಗೆ ಖಾಲಿ. ಊಟದ ಜೊತೆ ನಿಧಾನವಾಗಿ ಹೀರಬೇಕು ಅಂದ್ರೆ ಹುಳಿಯ ಜೊತೆ ಒಗರೂ ಬೇಕು. ಕೆಂಪು ವೈನಿಗೆ ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ನಾನು ಮುರುಗಲು ನೀರಿಗೆ ಆ ಒಗರನ್ನು ಚಹಾದಿಂದ ತರುತ್ತೇನೆ. ವೈನ್ ಕುಡಿಯುವ ನೆಂಟರು ಬಂದಾಗ ನನ್ನ ಲೋಟದಲ್ಲಿ ಇರುವುದು ಇದೇ.

ಮುರುಗಲಿನ ಒಣ ಸಿಪ್ಪೆ 30 ಗ್ರಾಂ ಬೇಕು. ಮಂಗಳೂರು ಕಡೆಯವರು ಪುನರ್ಪುಳಿ ಅಂತ ಕೇಳಿ. ಅಂಗಡಿಯ ಸಿಪ್ಪೆಗೆ ಎಷ್ಟೋ ಸಲ ಉಪ್ಪು ಹಾಕಿರುತ್ತಾರೆ. ಒಂದು ಚೂರು ನಾಲಿಗೆ ಮೇಲಿಟ್ಟು ನೋಡಿ. ಉಪ್ಪಿದ್ದರೆ ಅದು ಸಾರಿಗೆ ಇರಲಿ. ನನಗೆ ಶಿರಸಿಯಿಂದ ಅಕ್ಕ ಕಳಿಸುತ್ತಾಳೆ. ಬೇಸಿಗೆ ಕೊನೆಗೆ ಹಣ್ಣಾಗುವುದರಿಂದ ಮಳೆ ಹಿಡಿಯುವ ಮೊದಲೇ ಒಣಗಿಸಿ ಮುಗಿಸಬೇಕು, ಅವಳಿಗೆ ಅದೇ ಗಡಿಬಿಡಿ.

ಸಿಪ್ಪೆ ತೊಳೆದು 600 ಮಿ.ಲೀ. ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಹಾಕಿ. ಗಾಜು ಅಥವಾ ಸ್ಟೀಲ್ ಪಾತ್ರೆ ಇರಲಿ. ಹುಳಿ ಅಲ್ವಾ, ಅಲ್ಯೂಮಿನಿಯಂ ಬೇಡವೇ ಬೇಡ. ಕುದಿಸಬೇಡಿ, ಬಣ್ಣ ಮಂಕಾಗುತ್ತದೆ. ಬೆಳಿಗ್ಗೆ ಹೊತ್ತಿಗೆ, ಒಣಗಿ ಕಪ್ಪಾಗಿದ್ದ ಸಿಪ್ಪೆ ಮೆತ್ತಗಾಗಿ, ನೀರು ಕಡುಕೆಂಪಾಗಿರುತ್ತದೆ.

ಈಗ ಚಹಾ. 150 ಮಿ.ಲೀ. ನೀರಿಗೆ ಜಜ್ಜಿದ ಕಾಳುಮೆಣಸು ಎಂಟು, ಬೆರಳುದ್ದ ದಾಲ್ಚಿನ್ನಿ, ಎರಡು ಲವಂಗ ಹಾಕಿ ಕುದಿಸಿ. ಒಲೆ ಆರಿಸಿ ಎರಡು ಚಮಚ ಎಲೆ ಚಹಾ ಹಾಕಿ, ಐದು ನಿಮಿಷ ಮುಚ್ಚಿಡಿ. ಚಹಾಪುಡಿಯ ಧೂಳು ಹಾಕಿದರೆ ಬರೀ ಕಹಿ. ಒಂದು ಗುಟುಕು ಕುಡಿದಾಗ ವಸಡು ಸ್ವಲ್ಪ ಬಿಗಿದ ಹಾಗೆ ಆಗಬೇಕು. ಆಗದಿದ್ದರೆ ಇನ್ನೆರಡು ನಿಮಿಷ ಬಿಡಿ.

ಚಹಾ ಸೋಸಿ, ಪೂರ್ತಿ ಆರಿದ ಮೇಲೆ ಸಿಪ್ಪೆ ತೆಗೆದ ಮುರುಗಲು ನೀರಿಗೆ ಬೆರೆಸಿ. ಬೆಲ್ಲ ಎರಡು ಚಮಚ ಸಾಕು, ಅದೂ ರುಚಿ ನೋಡುತ್ತಾ. ತೆಳ್ಳಗಿನ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿದರೆ ಬಾಟಲಿಯ ತಳದಲ್ಲಿ ಗಷ್ಟು ಕಡಿಮೆ.

ಚೆನ್ನಾಗಿ ತಣ್ಣಗಾದ ಮೇಲೆ ಬಡಿಸಿ. ಐಸ್ ಹಾಕಬೇಡಿ, ಒಗರು ಸತ್ತುಹೋಗುತ್ತದೆ. ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಇರುವ ದಿನ ಬೇಡ, ಹುಳಿಯ ಮೇಲೆ ಹುಳಿ. ಹುರಿದ ಗೋಡಂಬಿ, ಕಾಯಿತುರಿ ಹಾಕಿದ ಪಲ್ಯ, ಎಣ್ಣೆಯಲ್ಲಿ ಕರಿದದ್ದಕ್ಕೆ ಸರಿಯಾದ ಜೋಡಿ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಹೊರಗೆ ಬಿಟ್ಟರೆ ಬೆಲ್ಲ ಹುದುಗೆದ್ದು ಗುಳ್ಳೆ ಬರುತ್ತದೆ, ಆಗ ಚೆಲ್ಲಿಬಿಡಿ.