ಕನ್ನಡ ಕಡತಗಳಿಂದ ಕೀವರ್ಡ್ ತೆಗೆಯುವ ಕೆಲಸ ಬಿಲ್ಡ್‌ಗೇ ಬಿಟ್ಟದ್ದು

ಕೃಷಿ ಲೇಖನಗಳ ಜಾಲತಾಣವೊಂದರ ಬಿಲ್ಡ್‌ನಲ್ಲಿ (ಮೂಲ ಕಡತಗಳಿಂದ ತಾಣವನ್ನು ಸಿದ್ಧಪಡಿಸುವ ಹಂತ), ಪ್ರತಿ ಲೇಖನಕ್ಕೂ ಎಂಟು ಕೀವರ್ಡ್ ತಾನಾಗಿ ಸಿಗುವಂತೆ ಮಾಡಿದ ಬಗೆ ಇದು. ಲೇಖನಗಳೆಲ್ಲ ಮಾರ್ಕ್‌ಡೌನ್ ಕಡತಗಳು. ಒಂದು ಪೈಥಾನ್ ಸ್ಕ್ರಿಪ್ಟ್, ಅದನ್ನು ಓಡಿಸಲು ಮೇಕ್ (ಕಡತಗಳ ಸಮಯ ನೋಡಿ, ಬದಲಾದದ್ದನ್ನು ಮಾತ್ರ ಮತ್ತೆ ಸಿದ್ಧಪಡಿಸುವ ಸಾಧನ). ಪದಗಳಿಗೆ ಅಂಕ ಹಾಕಲು ಹಳೆಯ ಟಿಎಫ್-ಐಡಿಎಫ್ ಸಾಕು (ಲೇಖನದಲ್ಲಿ ಹೆಚ್ಚು ಸಲ ಬಂದ ಪದಕ್ಕೆ ಟಿಎಫ್, ಬೇರೆ ಲೇಖನಗಳಲ್ಲಿ ಅಪರೂಪವಾದ ಪದಕ್ಕೆ ಐಡಿಎಫ್ ಅಂಕ ಏರಿಸುತ್ತದೆ); ಆ ಲೆಕ್ಕ ಹತ್ತು ಸಾಲಿನದು. ಸಮಯ ತಿಂದದ್ದು ಕನ್ನಡದ ಪದ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ.

ಪೈಥಾನ್‌ನ ಮಾಮೂಲಿ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಬರಹ) ‘ಪದದ ಅಕ್ಷರ’ ಎಂಬರ್ಥದ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಳಸಿದರೆ ‘ಅಡಿಕೆ’ ಎಂಬುದು ‘ಅಡ’, ‘ಕ’ ಎಂದು ತುಂಡಾಗುತ್ತದೆ. ‘ಕನ್ನಡ’ ಹೋಗಿ ‘ಕನ’, ‘ನಡ’ ಆಗುತ್ತದೆ. ಸ್ವರಚಿಹ್ನೆಗಳನ್ನು, ಒತ್ತಕ್ಷರ ಕಟ್ಟುವ ವಿರಾಮವನ್ನು (್) ಅದು ಅಕ್ಷರವೆಂದು ಎಣಿಸುವುದೇ ಇಲ್ಲ. ಹಾಗಾಗಿ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸಂಕೇತಸಂಖ್ಯೆಗಳ ಹರವನ್ನೇ ನೇರವಾಗಿ ಕೊಟ್ಟೆ: ದಶಮಾನದಲ್ಲಿ 3200ರಿಂದ 3327. ಜೊತೆಗೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಎರಡು ಚಿಹ್ನೆ: 8204 (ಜೋಡಿಸದ ಶೂನ್ಯಚಿಹ್ನೆ) ಮತ್ತು 8205 (ಜೋಡಿಸುವ ಶೂನ್ಯಚಿಹ್ನೆ). 3302ರಿಂದ 3311ರವರೆಗಿನ ಕನ್ನಡ ಅಂಕಿಗಳನ್ನು ಹೊರಗಿಡಬೇಕು, ಇಲ್ಲದಿದ್ದರೆ ೫೦ ಎಂಬುದೂ ಕೀವರ್ಡ್ ಆಗಿ ಕೂರುತ್ತದೆ.

ಎಣಿಸುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಯೂನಿಕೋಡ್‌ನ ತುಂಡುಗಳನ್ನು ಕೂಡಿಸಿ ಒಂದಾಗಿಸುವ ಏಕರೂಪ) ತರಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ‘ೋ’ ಕೆಲವು ಕಡತಗಳಲ್ಲಿ ಒಂದು ಸಂಕೇತ, ಕೆಲವದರಲ್ಲಿ ಎರಡು ಮೂರು ತುಂಡು. ಹಾಗೆಯೇ ‘ಸರ್ವೆ’ ಮತ್ತು ‘ಸರ‍್ವೆ’ ಎರಡೂ ಒಂದೇ ಪದ. ಎಣಿಕೆಗೆ ಶೂನ್ಯಚಿಹ್ನೆಗಳನ್ನು ತೆಗೆದ ರೂಪ ಇಟ್ಟುಕೊಂಡು, ತೋರಿಸುವಾಗ ಹೆಚ್ಚು ಸಲ ಬಂದ ಮೂಲರೂಪವನ್ನು ಕೊಟ್ಟೆ. ‘ಪಂಪ್‌ಸೆಟ್’ ಅನ್ನು ‘ಪಂಪ್ಸೆಟ್’ ಎಂದು ತೋರಿಸಿದರೆ ಯಾರಿಗೂ ಹಿಡಿಸುವುದಿಲ್ಲ.

ಇನ್ನು ವಿಭಕ್ತಿ. ಕೆರೆಗೆ, ಕೆರೆಯಲ್ಲಿ, ಕೆರೆಯಿಂದ, ಕೆರೆಗಳನ್ನು ಎಲ್ಲವೂ ‘ಕೆರೆ’ಯ ಲೆಕ್ಕಕ್ಕೆ ಸೇರಬೇಕು. ಪ್ರತ್ಯಯಗಳ ಪಟ್ಟಿಯನ್ನು ವ್ಯಾಕರಣದಲ್ಲಿರುವಂತೆ ‘ಇಂದ’, ‘ಅಲ್ಲಿ’ ಎಂದು ಬರೆದರೆ ಒಂದೂ ತಾಳೆಯಾಗದು. ಕಡತದಲ್ಲಿ ಇರುವುದು ‘ಿಂದ’, ‘ಯಿಂದ’, ‘ದಿಂದ’, ‘ಲ್ಲಿ’. ಉದ್ದನೆಯದು ಮೊದಲು ಬರಬೇಕು. ‘ನ್ನು’ ಮೊದಲು ಕಿತ್ತರೆ ‘ಕೆರೆಗಳ’ ಎಂದು ಅರ್ಧಕ್ಕೇ ನಿಲ್ಲುತ್ತದೆ. ‘ಿ’ಯಿಂದ ಶುರುವಾಗುವ ಪ್ರತ್ಯಯ ಕಿತ್ತ ಜಾಗಕ್ಕೆ ‘ು’ ಹಾಕಿದೆ: ಊರಿಂದ ಹೋಗಿ ಊರು.

ಎಡವಟ್ಟು ಶುರುವಾಗುವುದೂ ಇಲ್ಲೇ. ‘ಸಂಪಿಗೆ’ ಹೋಗಿ ‘ಸಂಪಿ’, ‘ಮಲ್ಲಿಗೆ’ ಹೋಗಿ ‘ಮಲ್ಲಿ’, ‘ಹಲ್ಲಿ’ ಹೋಗಿ ಬರೀ ‘ಹ’. ಅದಕ್ಕೆ ಎರಡು ಕಟ್ಟುಪಾಡು: ಉಳಿಯುವ ಬುಡದಲ್ಲಿ ಕನಿಷ್ಠ ಎರಡು ಅಕ್ಷರ ಇರಬೇಕು, ಆ ಬುಡ ಬೇರೆ ಕಡೆ ಸ್ವತಂತ್ರವಾಗಿಯೂ ಬಂದಿರಬೇಕು. ಅಕ್ಷರ ಎಂದರೆ ಸಂಕೇತವಲ್ಲ. ‘ಶಾಸ್ತ್ರ’ದಲ್ಲಿ ಸಂಕೇತ ಏಳು, ಅಕ್ಷರ ಎರಡೇ. ಇಷ್ಟಾದರೂ ‘ಗೋವಿಂದ’ ತಪ್ಪಿಸಿಕೊಳ್ಳಲಿಲ್ಲ. ಮೇಲಿನ ನಿಯಮದಂತೆ ಅದು ‘ಗೋವು’ ಆಯಿತು, ಕೃಷಿ ಲೇಖನಗಳಲ್ಲಿ ಗೋವು ಬೇಕಾದಷ್ಟಿವೆ! ಇಂಥವಕ್ಕೆ ಕೈಯಿಂದಲೇ ಬರೆದ ವಿನಾಯಿತಿ ಪಟ್ಟಿಯೇ ಗತಿ. ಮತ್ತು, ಹಾಗೂ, ಎಂಬ, ಇರುವ, ಬೇಕು ಮುಂತಾದ ಬಿಡಬೇಕಾದ ಪದಗಳದು ಇನ್ನೊಂದು ಪಟ್ಟಿ. ಲೇಖನದಲ್ಲಿ ಮೂರಕ್ಕಿಂತ ಕಡಿಮೆ ಸಲ ಬಂದ ಪದಕ್ಕೆ ಅಂಕವಿಲ್ಲ. ಬೆರಳಚ್ಚಿನ ತಪ್ಪುಗಳು ಅಪರೂಪವಾದ್ದರಿಂದ ಐಡಿಎಫ್ ಅವನ್ನೇ ಮೇಲಕ್ಕೆತ್ತುತ್ತದೆ.

ಸಿಕ್ಕ ಕೀವರ್ಡ್‌ಗಳನ್ನು ಲೇಖನದ ತಲೆಬರಹದ ಭಾಗದಲ್ಲೇ (ಕಡತದ ಶುರುವಿನಲ್ಲಿ ಮೂರು ಅಡ್ಡಗೆರೆಗಳ ಸಾಲುಗಳ ನಡುವೆ ಲೇಖನದ ವಿವರ ಇರುವ ಜಾಗ) ಬರೆಯುವುದು ಬೇಡ. ಬರೆದರೆ ಕಡತದ ಸಮಯ ಬದಲಾಗಿ, ಮೇಕ್ ಪ್ರತಿಸಲವೂ ಅದನ್ನು ಹೊಸದೆಂದು ಎತ್ತಿಕೊಳ್ಳುತ್ತದೆ. ಮೇಲಾಗಿ ಆ ಪದಗಳೇ ಮುಂದಿನ ಎಣಿಕೆಗೆ ಸೇರುತ್ತವೆ. ಪಕ್ಕದಲ್ಲಿ ಬೇರೆ ಕಡತ ಇರಲಿ. ಓದುವಾಗ ತಲೆಬರಹದ ಭಾಗ, ಕೋಡ್ ತುಂಡು, ಕೊಂಡಿಗಳನ್ನು ಬಿಡಿ. ವಿಂಡೋಸ್ ನೋಟ್‌ಪ್ಯಾಡ್‌ನಿಂದ ಬಂದ ಕಡತದ ಶುರುವಿನಲ್ಲಿ ಬಿಒಎಂ ಎಂಬ ಕಾಣದ ಚಿಹ್ನೆ ಇದ್ದರೆ ಮೊದಲ ಸಾಲಿನ ಮೂರು ಅಡ್ಡಗೆರೆ ತಾಳೆಯಾಗದೆ, ತಲೆಬರಹವೆಲ್ಲ ಎಣಿಕೆಗೆ ನುಗ್ಗುತ್ತದೆ. ‘ಯುಟಿಎಫ್-8-ಸಿಗ್’ ಎಂದು ತೆರೆದರೆ ಆ ಕಾಟ ತಪ್ಪಿತು.

ಮೇಕ್‌ಫೈಲ್‌ನಲ್ಲಿ ಪ್ರತಿ ಕೀವರ್ಡ್ ಕಡತವೂ ಅದರ ಲೇಖನದ ಮೇಲೆ ಮಾತ್ರವಲ್ಲ, ಎರಡೂ ಪಟ್ಟಿಗಳ ಮೇಲೆ ಮತ್ತು ಸ್ಕ್ರಿಪ್ಟಿನ ಮೇಲೂ ಅವಲಂಬಿಸಿರಬೇಕು. ಯಾವ ಪದ ಎಷ್ಟು ಲೇಖನಗಳಲ್ಲಿದೆ ಎಂಬ ಕೋಷ್ಟಕ ಮಾತ್ರ ಬೇರೆ ವಿಚಾರ. ಅದನ್ನು ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಕಟ್ಟಿದರೆ ಒಂದು ಲೇಖನ ತಿದ್ದಿದ್ದಕ್ಕೆ ಹಳೆಯ ಲೇಖನಗಳ ಕೀವರ್ಡ್‌ಗಳೂ ಅಲುಗಾಡುತ್ತವೆ. ಕೋಷ್ಟಕವನ್ನು ಗಿಟ್‌ಗೆ (ಕಡತಗಳ ಆವೃತ್ತಿ ಕಾಯುವ ಸಾಧನ) ಸೇರಿಸಿ, ಅದನ್ನು ಕಟ್ಟಲು ತಿಂಗಳಿಗೊಮ್ಮೆ ಕೈಯಿಂದ ಕರೆಯುವ ಫೋನಿ ಟಾರ್ಗೆಟ್ (ಕಡತದ ಹೆಸರಲ್ಲದ, ಕರೆದಾಗಲಷ್ಟೇ ಓಡುವ ಮೇಕ್‌ನ ಕೆಲಸ) ಮಾಡಿದೆ. ಅದರಲ್ಲಿಲ್ಲದ ಹೊಸ ಪದ ಬಂದಾಗ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಾರದಂತೆ ಐಡಿಎಫ್ ಭಾಗಾಕಾರದಲ್ಲಿ ಮೇಲಿನ ಒಟ್ಟು ಲೇಖನಗಳ ಸಂಖ್ಯೆ, ಕೆಳಗಿನ ಪದವಿರುವ ಲೇಖನಗಳ ಸಂಖ್ಯೆ ಎರಡಕ್ಕೂ 1 ಕೂಡಿಸಬೇಕು. ಕೀವರ್ಡ್ ಕಡತಗಳನ್ನು ಗಿಟ್‌ಗೆ ಹಾಕಬೇಡಿ: ಕ್ಲೋನ್ ಮಾಡಿದಾಗ ಹಳೆಯ ಸಮಯ ಉಳಿಯದು, ಯಾವುದು ಹಳತು ಯಾವುದು ಹೊಸದು ಎಂದು ಮೇಕ್‌ಗೆ ತಿಳಿಯದು.

ಸ್ಕ್ರಿಪ್ಟ್ ನಡುವೆ ಸತ್ತರೆ ಅರ್ಧ ಬರೆದ ಕಡತ ಹೊಸ ಸಮಯ ಹೊತ್ತು ಕೂತಿರುತ್ತದೆ, ಮುಂದಿನ ಸಲ ಮೇಕ್ ಅದನ್ನು ಮುಟ್ಟುವುದೇ ಇಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸಿ. ಸಮಾನ ಅಂಕದ ಪದಗಳು ಪೈಥಾನ್ ಸೆಟ್‌ನಿಂದ ಬಂದಿದ್ದರೆ ಓಟದಿಂದ ಓಟಕ್ಕೆ ಅದಲುಬದಲಾಗುತ್ತವೆ, ಎಂಟನೆಯ ಜಾಗದಲ್ಲಿ ಇಂದು ಗೊಬ್ಬರ, ನಾಳೆ ನೀರಾವರಿ. ಅಂಕದ ಬೆನ್ನಿಗೆ ಪದದ ಯೂನಿಕೋಡ್ ಕ್ರಮವನ್ನೂ ವಿಂಗಡಣೆಗೆ ಕೊಟ್ಟ ಮೇಲೆ ಅದು ನಿಂತಿತು.