ಕಳೆದ ವರ್ಷ ಇದೇ ಹೊತ್ತಿಗೆ: ಫುಟ್‌ಬಾಲ್ ತಂಡದ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದು ಹೇಗೆ?

ಕೊಡಗಿನಲ್ಲಿ ಜೂನ್ ತಿಂಗಳ ಮಾತು ಶುರುವಾಗುವುದೇ ‘ಎಷ್ಟಾಯಿತು?’ ಎಂಬ ಪ್ರಶ್ನೆಯಿಂದ. ಮಳೆ ಎಂಬ ಪದವನ್ನು ಯಾರೂ ಸೇರಿಸುವುದಿಲ್ಲ. ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಭಾಗ) ಎಂದು ಉತ್ತರ ಬಂದ ಮೇಲೆ ಎರಡನೆಯ ಪ್ರಶ್ನೆ ತಪ್ಪದೆ ಬರುತ್ತದೆ: ‘ಕಳೆದ ವರ್ಷ ಇದೇ ಹೊತ್ತಿಗೆ?’

ಸಿದ್ದಾಪುರದ ನಮ್ಮ ಮನೆಯಲ್ಲಿ ಅಪ್ಪ ಬರೆದಿಟ್ಟ ಮಳೆ ಪುಸ್ತಕವಿದೆ. ರಟ್ಟಿನ ಅಂಚು ಸವೆದಿದೆ, ಒಳಗಿನ ನೀಲಿ ಶಾಯಿ ಕೆಲವೆಡೆ ತೇವಕ್ಕೆ ಹರಡಿದೆ. ಪುಟದ ಎಡಕ್ಕೆ ಮೇಲಿನಿಂದ ಕೆಳಗೆ ತಾರೀಕುಗಳು, ತಲೆಯ ಮೇಲೆ ವರ್ಷಗಳು. ಯಾವುದೇ ದಿನದ ಸಾಲಿಗೆ ಬೆರಳಿಟ್ಟು ಅಡ್ಡಕ್ಕೆ ಎಳೆದರೆ ಹತ್ತು ವರ್ಷಗಳ ಅದೇ ದಿನ ಕಣ್ಣಿಗೆ ಬೀಳುತ್ತದೆ. ದಸರಾ ರಜೆಗೆ ಬಂದಿದ್ದ ಸೋದರಳಿಯ, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಎಂದರೆ ಊಟ ಬಿಡುವವನು, ಒಂದು ಸಂಜೆ ಕೇಳಿದ:

‘ಮಾವ, ಬೆಂಗಳೂರಿಗೆ 2022–23ರಲ್ಲಿ 34 ಅಂಕ, 2024–25ರಲ್ಲಿ 38. ತಂಡ ಸುಧಾರಿಸಿದೆ ಎಂದೇ ತಾನೇ ಅರ್ಥ?’

ನಾನು ಒಳಗೆ ಹೋಗಿ ಮಳೆ ಪುಸ್ತಕ ತಂದು ಅವನ ಮುಂದಿಟ್ಟೆ. ಅದೇ ಮಾದರಿಯಲ್ಲಿ ಒಂದು ಹಾಳೆಗೆ ಗೆರೆ ಹಾಕು ಎಂದೆ. ಅಂದು ನಾವಿಬ್ಬರೂ ಕುಳಿತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸುಂಟಿಕೊಪ್ಪ, ಅಮ್ಮತ್ತಿ, ಪಾಲಿಬೆಟ್ಟದ ಮೈದಾನಗಳ ಅಂಚಿನಲ್ಲಿ ನಿಂತು ಫುಟ್‌ಬಾಲ್ ನೋಡುವ ಯಾರಾದರೂ ಇದನ್ನು ಮಾಡಬಹುದು. ಬೇಕಾಗುವುದು ಒಂದು ಹಾಳೆ, ಪೆನ್ನು ಮತ್ತು ಮೊಬೈಲಿನ ಕ್ಯಾಲ್ಕುಲೇಟರ್.

ಮೊದಲು ಹಾಳೆ ತುಂಬಿಸಿ

ಒಂದೊಂದು ಋತುವಿಗೆ ಒಂದೊಂದು ಸಾಲು ಬಿಡಿ. ಬೆಂಗಳೂರು ಆಡುವ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಅಂಕಪಟ್ಟಿಯಿಂದ ಆಡಿದ ಪಂದ್ಯ, ಗೆಲುವು, ಡ್ರಾ, ಸೋಲು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಅಂಕ, ಇಷ್ಟನ್ನೇ ಬರೆದುಕೊಳ್ಳಿ. ಬೆಂಗಳೂರಿನ ಮೂರು ಋತುಗಳು ಹೀಗಿವೆ:

2022–23: ಪಂದ್ಯ 20, ಗೆಲುವು 11, ಡ್ರಾ 1, ಸೋಲು 8, ಹೊಡೆದ ಗೋಲು 27, ಬಿಟ್ಟದ್ದು 23, ಅಂಕ 34
2023–24: ಪಂದ್ಯ 22, ಗೆಲುವು 5, ಡ್ರಾ 7, ಸೋಲು 10, ಹೊಡೆದ ಗೋಲು 20, ಬಿಟ್ಟದ್ದು 34, ಅಂಕ 22
2024–25: ಪಂದ್ಯ 24, ಗೆಲುವು 11, ಡ್ರಾ 5, ಸೋಲು 8, ಹೊಡೆದ ಗೋಲು 40, ಬಿಟ್ಟದ್ದು 31, ಅಂಕ 38

ಬರೆದ ಕೂಡಲೇ ತಾಳೆ ನೋಡಿ. ಗೆಲುವು, ಡ್ರಾ, ಸೋಲು ಕೂಡಿದರೆ ಪಂದ್ಯಗಳ ಸಂಖ್ಯೆ ಬರಬೇಕು. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು; ಆದ್ದರಿಂದ ಗೆಲುವನ್ನು ಮೂರರಿಂದ ಗುಣಿಸಿ ಡ್ರಾ ಸೇರಿಸಿದರೆ ಅಂಕ ಬರಬೇಕು. ಹನ್ನೊಂದು ಮೂರಲಿ ಮೂವತ್ತಮೂರು, ಒಂದು ಡ್ರಾ ಸೇರಿ 34. ಸರಿ. ತೋಟದ ಲೆಕ್ಕ ಬರೆಯುವ ರೈಟರ್ ಸಂಜೆ ಚೀಲ ಎಣಿಸಿದ ಮೇಲೆ ತೂಕದ ಚೀಟಿಯೊಂದಿಗೆ ಹೊಂದಿಸಿ ನೋಡುವ ಹಾಗೆಯೇ ಇದೂ. ನಕಲು ಮಾಡುವಾಗ ಆದ ಒಂದು ತಪ್ಪು ಮುಂದಿನ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಒಂದೇ ಮಾಪಕದ ನೀರು

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಲೀಗ್ ಹಂತದ ಪಂದ್ಯಗಳನ್ನು ಪ್ಲೇಆಫ್‌ನೊಂದಿಗೆ ಬೆರೆಸಬೇಡಿ. ನಾವು ಹೋಲಿಸುತ್ತಿರುವ ಋತುಗಳ ಲೀಗ್‌ನಲ್ಲಿ ಎಲ್ಲ ತಂಡಗಳೂ ಎಲ್ಲರ ಜೊತೆ ಎರಡೆರಡು ಬಾರಿ ಆಡಿದವು. ಕಪ್‌ಗಾಗಿ ನಡೆದ ಪ್ಲೇಆಫ್‌ಗೆ ಪಟ್ಟಿಯ ಮೇಲಿನ ತಂಡಗಳು ಮಾತ್ರ ಹೋದವು, ಅಲ್ಲಿ ಹೆಚ್ಚುವರಿ ಸಮಯವಿತ್ತು, ಪೆನಾಲ್ಟಿ ಶೂಟೌಟ್ ಇತ್ತು. ಒಂದು ಋತುವಿನಲ್ಲಿ ತಂಡ ಫೈನಲ್‌ವರೆಗೆ ಹೋಗಿ, ಮರುವರ್ಷ ಲೀಗ್‌ನಲ್ಲೇ ನಿಂತುಬಿಟ್ಟರೆ ಒಟ್ಟು ಗೋಲುಗಳ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಬೆಂಗಳೂರು ತಂಡದ ಸುನಿಲ್ ಚೆಟ್ರಿಯವರ ಲೆಕ್ಕವನ್ನೇ ನೋಡಿ. 2017–18ರಲ್ಲಿ ಅವರು 14 ಗೋಲು ಹೊಡೆದರು, 2024–25ರಲ್ಲಿ 40ನೇ ವಯಸ್ಸಿನಲ್ಲೂ 14. ಎರಡೂ ಸಮವೆಂದು ಕಾಣುತ್ತದೆ. ಆದರೆ ಮೊದಲಿನ 14ರಲ್ಲಿ ಪುಣೆ ವಿರುದ್ಧದ ಸೆಮಿಫೈನಲ್ ಹ್ಯಾಟ್ರಿಕ್, ಚೆನ್ನೈಯಿನ್ ವಿರುದ್ಧದ ಫೈನಲ್‌ನ ಒಂದು ಗೋಲು ಸೇರಿವೆ. ಅವನ್ನು ತೆಗೆದರೆ ಲೀಗ್‌ನ 18 ಪಂದ್ಯಗಳ ಋತುವಿನಲ್ಲಿ 10. ಎರಡನೆಯದರಲ್ಲಿ ಮುಂಬೈ ಮತ್ತು ಗೋವಾ ವಿರುದ್ಧದ ಪ್ಲೇಆಫ್ ಗೋಲುಗಳನ್ನು ಕಳೆದರೆ 24 ಪಂದ್ಯಗಳ ಋತುವಿನಲ್ಲಿ 12. ಆಟಗಾರನ ಲೆಕ್ಕದಲ್ಲಿ ಇನ್ನೂ ಒಂದು ಹೆಜ್ಜೆ ಇದೆ: ಆತ ಮೈದಾನದಲ್ಲಿದ್ದ ನಿಮಿಷಗಳನ್ನು ಕೂಡಿ, ಗೋಲನ್ನು ಅದರಿಂದ ಭಾಗಿಸಿ 90ರಿಂದ ಗುಣಿಸಬೇಕು. ಚೆಟ್ರಿ 2024–25ರಲ್ಲಿ ಎಷ್ಟೋ ಪಂದ್ಯಗಳಲ್ಲಿ ಬದಲಿ ಆಟಗಾರನಾಗಿ ಇಳಿದವರು. ಪಂದ್ಯಗಳನ್ನಷ್ಟೇ ಎಣಿಸಿದರೆ ಅಂಥವರಿಗೆ ಅನ್ಯಾಯವಾಗುತ್ತದೆ.

ಪಂದ್ಯಕ್ಕೆ ಎಷ್ಟು?

ಈಗ ಅಳಿಯನ ಪ್ರಶ್ನೆಗೆ ಬರೋಣ. ಐಎಸ್‌ಎಲ್‌ನಲ್ಲಿ 2022–23ರಲ್ಲಿ 11 ತಂಡಗಳಿದ್ದವು. ಮರುವರ್ಷ ಪಂಜಾಬ್ ಬಂದು 12 ಆದವು, ಅದರ ಮರುವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಬಂದು 13. ಒಂದು ತಂಡ ಹೆಚ್ಚಾದರೆ ಪ್ರತಿ ತಂಡಕ್ಕೂ ಎರಡು ಪಂದ್ಯ ಹೆಚ್ಚು. ಆದ್ದರಿಂದ 20, 22, 24. ಒಂದು ಎಕರೆ ಹೊಸದಾಗಿ ಕೊಂಡವನು ‘ಈ ವರ್ಷ ಚೀಲ ಜಾಸ್ತಿ’ ಎಂದರೆ ಪಕ್ಕದ ತೋಟದವರು ಒಪ್ಪುವರೇ? ಎಕರೆಗೆ ಎಷ್ಟು ಎಂದು ಕೇಳುತ್ತಾರೆ.

ಹಾಗೆಯೇ ಅಂಕವನ್ನು ಪಂದ್ಯದಿಂದ ಭಾಗಿಸಿ. 34 ಭಾಗ 20 ಎಂದರೆ 1.70. 22 ಭಾಗ 22 ಎಂದರೆ 1.00. 38 ಭಾಗ 24 ಎಂದರೆ 1.58. ಅಳಿಯ ಪೆನ್ನು ಕೆಳಗಿಟ್ಟು ಒಂದು ಗಳಿಗೆ ಸುಮ್ಮನೆ ಕುಳಿತ. 2022–23ರ ವೇಗದಲ್ಲಿ 24 ಪಂದ್ಯ ಆಡಿದ್ದರೆ ಸುಮಾರು 41 ಅಂಕ ಬರುತ್ತಿತ್ತು, ಬಂದದ್ದು 38. ಅಂಕ ಏರಿತು, ಗಳಿಕೆಯ ವೇಗ ಇಳಿಯಿತು.

ಒಂದೇ ಅಂಕದ ಎರಡು ಋತುಗಳೂ ಇದೇ ಪಾಠ ಹೇಳುತ್ತವೆ. ಬೆಂಗಳೂರು 2018–19ರಲ್ಲೂ 34 ಅಂಕ ಪಡೆದಿತ್ತು, ಆದರೆ 18 ಪಂದ್ಯಗಳಲ್ಲಿ. ಅದು ಪಂದ್ಯಕ್ಕೆ 1.89. ಆ ವರ್ಷ ತಂಡ ಪಟ್ಟಿಯಲ್ಲಿ ಮೊದಲನೆಯದು, 2022–23ರಲ್ಲಿ ನಾಲ್ಕನೆಯದು. ಸ್ಥಾನವನ್ನು ಹಾಳೆಯ ಅಂಚಿನಲ್ಲಿ ಬರೆದಿಡಿ, ಆದರೆ ಅದರ ಮೇಲೆ ತೀರ್ಪು ಕೊಡಬೇಡಿ. ಸ್ಥಾನ ಉಳಿದವರ ಆಟವನ್ನೂ ಅವಲಂಬಿಸಿದೆ. 2024–25ರಲ್ಲಿ ಬೆಂಗಳೂರು, ನಾರ್ತ್ ಈಸ್ಟ್, ಜಮ್ಶೆಡ್‌ಪುರ ಮೂರಕ್ಕೂ 38 ಅಂಕ. ಅವು ಮೂರು, ನಾಲ್ಕು, ಐದನೆಯ ಸ್ಥಾನಗಳಲ್ಲಿ ಕುಳಿತವು.

ಅಂಕದ ಹಿಂದಿನ ಗೋಲು

ಅಂಕ ಫಲಿತಾಂಶವನ್ನು ಹೇಳುತ್ತದೆ. ತಂಡ ಎದುರಾಳಿಯನ್ನು ಎಷ್ಟು ಮೀರಿ ಆಡಿತು ಎಂಬುದನ್ನು ಗೋಲು ವ್ಯತ್ಯಾಸ, ಅಂದರೆ ಹೊಡೆದದ್ದರಲ್ಲಿ ಬಿಟ್ಟದ್ದನ್ನು ಕಳೆದ ಅಂಕಿ, ಹೆಚ್ಚು ಚೆನ್ನಾಗಿ ಹೇಳುತ್ತದೆ. ನಾಲ್ಕು ಗೋಲಿನಿಂದ ಗೆದ್ದರೂ ಒಂದು ಗೋಲಿನಿಂದ ಗೆದ್ದರೂ ಅಂಕ ಮೂರೇ ಅಲ್ಲವೇ?

ಹೊಡೆದ ಗೋಲು, ಬಿಟ್ಟ ಗೋಲು ಎರಡನ್ನೂ ಪಂದ್ಯದಿಂದ ಭಾಗಿಸಿ. 2022–23ರಲ್ಲಿ ಬೆಂಗಳೂರು ಪಂದ್ಯಕ್ಕೆ 1.35 ಹೊಡೆದು 1.15 ಬಿಟ್ಟಿತು. 2023–24ರಲ್ಲಿ 0.91 ಹೊಡೆದು 1.55 ಬಿಟ್ಟಿತು. 2024–25ರಲ್ಲಿ 1.67 ಹೊಡೆದು 1.29 ಬಿಟ್ಟಿತು. ಹಿಂದಿನ ತೀರ್ಮಾನ ಇಲ್ಲಿ ಅಲುಗಾಡುತ್ತದೆ. ಅಂಕದ ವೇಗದಲ್ಲಿ ಹಿಂದಿದ್ದ 2024–25, ಗೋಲು ವ್ಯತ್ಯಾಸದಲ್ಲಿ ಮುಂದೆ: ಪಂದ್ಯಕ್ಕೆ 0.38, 2022–23ರಲ್ಲಿ ಇದು ಬರೀ 0.20. ರಕ್ಷಣೆ ಸ್ವಲ್ಪ ಸಡಿಲಾಗಿದೆ, ದಾಳಿ ಬಹಳ ಚುರುಕಾಗಿದೆ. ‘ಸುಧಾರಿಸಿದೆಯೇ’ ಎಂಬ ಒಂದು ಪ್ರಶ್ನೆ ಈಗ ಎರಡಾಯಿತು, ಅದೇ ನಮಗೆ ಬೇಕಾದದ್ದು.

ಇನ್ನೊಂದು ಜೋಡಿ ಅಳಿಯನೇ ಹುಡುಕಿ ತೆಗೆದ. 2020–21 ಮತ್ತು 2023–24. ಎರಡರಲ್ಲೂ 5 ಗೆಲುವು, 7 ಡ್ರಾ, 22 ಅಂಕ. ಪಂದ್ಯಕ್ಕೆ ಅಂಕ 1.10 ಮತ್ತು 1.00, ಹೆಚ್ಚು ಅಂತರವಿಲ್ಲ. ಆದರೆ ಮೊದಲನೆಯದರಲ್ಲಿ ಹೊಡೆದ ಗೋಲು 26ಕ್ಕೆ ಬಿಟ್ಟದ್ದು 28, ಎರಡನೆಯದರಲ್ಲಿ 20ಕ್ಕೆ 34. ಒಂದು ತಂಡ ಕೂದಲೆಳೆಯಲ್ಲಿ ಸೋಲುತ್ತಿತ್ತು, ಇನ್ನೊಂದು ನಿಜವಾಗಿ ಕುಸಿದಿತ್ತು. ಅಂಕಪಟ್ಟಿ ಮಾತ್ರ ನೋಡಿದವನಿಗೆ ಇವೆರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಒಂದು ಎಚ್ಚರಿಕೆ. ಕೆಲವು ಋತುಗಳಲ್ಲಿ ಇಡೀ ಲೀಗ್‌ನಲ್ಲೇ ಗೋಲು ಹೆಚ್ಚು ಬೀಳುತ್ತವೆ. ಪಟ್ಟಿಯಲ್ಲಿನ ಎಲ್ಲ ತಂಡಗಳ ಹೊಡೆದ ಗೋಲುಗಳನ್ನು ಕೂಡಿ, ತಂಡಕ್ಕೆ ಪಂದ್ಯವೊಂದಕ್ಕೆ ಸರಾಸರಿ ಎಷ್ಟು ಎಂದು ತೆಗೆದು ಪಕ್ಕದಲ್ಲಿಡಿ. ನಿಮ್ಮ ತಂಡ ಆ ಸರಾಸರಿಗಿಂತ ಎಷ್ಟು ಮೇಲೆ ಎಂಬುದೇ ಹೋಲಿಸಬೇಕಾದ ಅಂಕಿ. ಜಿಲ್ಲೆಗೆಲ್ಲ ಮಳೆ ಸುರಿದ ವರ್ಷ ನಮ್ಮ ಕೆರೆ ತುಂಬಿದ್ದರಲ್ಲಿ ವಿಶೇಷವಿಲ್ಲ.

ಇದೇ ಹೊತ್ತಿಗೆ

ಮಳೆ ಪುಸ್ತಕದ ನಿಜವಾದ ಉಪಯೋಗ ಈ ಹಂತದಲ್ಲಿ. ಇನ್ನೊಂದು ಹಾಳೆ ತೆಗೆದು ಎಡಕ್ಕೆ 1ರಿಂದ 24ರವರೆಗೆ ಪಂದ್ಯದ ಸಂಖ್ಯೆ, ತಲೆಯ ಮೇಲೆ ಋತುಗಳನ್ನು ಬರೆಯಿರಿ. ಪ್ರತಿ ಪಂದ್ಯದ ನಂತರ ಅಲ್ಲಿಯವರೆಗಿನ ಒಟ್ಟು ಅಂಕ ತುಂಬಿಸುತ್ತಾ ಹೋಗಿ. ತಾರೀಕಿನಿಂದ ಹೋಲಿಸಬೇಡಿ, ಋತು ಶುರುವಾಗುವ ದಿನ ವರ್ಷವರ್ಷಕ್ಕೆ ಬದಲಾಗುತ್ತದೆ. ಪಂದ್ಯದ ಸಂಖ್ಯೆಯಿಂದ ಹೋಲಿಸಿ.

2022–23ರ ಅಂಕಣದಲ್ಲಿ 12ನೇ ಪಂದ್ಯದ ಎದುರು ಬರುವ ಅಂಕಿ 10. ಹನ್ನೆರಡು ಪಂದ್ಯಗಳಿಗೆ ಬರೀ ಹತ್ತು ಅಂಕ, ಆ ಋತುವಿನ ಎಂಟೂ ಸೋಲುಗಳು ಅಷ್ಟರೊಳಗೇ ಆಗಿದ್ದವು. ಅಲ್ಲಿಂದ ಮುಂದಕ್ಕೆ 13, 16, 19, 22, 25, 28, 31, 34. ಕೊನೆಯ ಎಂಟೂ ಪಂದ್ಯಗಳನ್ನು ತಂಡ ಸಾಲಾಗಿ ಗೆದ್ದಿತ್ತು. ಅಳಿಯ ಆ ಅಂಕಿಗಳನ್ನು ಮೂರು ಮೂರು ಏರಿಸುತ್ತಾ ಬರೆಯುವಾಗ ಅವನ ಮುಖ ಅರಳುತ್ತಿದ್ದುದನ್ನು ನೋಡಬೇಕಿತ್ತು. 1.70 ಎಂಬ ಸರಾಸರಿಯ ಒಳಗೆ 0.83ರ ತಂಡವೊಂದು, 3.00ರ ತಂಡವೊಂದು, ಹೀಗೆ ಎರಡು ತಂಡಗಳಿದ್ದವು. ಸರಾಸರಿ ಇವೆರಡನ್ನೂ ಮುಚ್ಚಿಟ್ಟಿತ್ತು.

ಕೋಚ್ ಬದಲಾದ ಪಂದ್ಯದ ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ. ಬೆಂಗಳೂರು 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಅವರನ್ನು ಬಿಟ್ಟು ಜೆರಾರ್ಡ್ ಝರಗೋಝಾ ಅವರನ್ನು ತಂದಿತು. 2023–24ನ್ನು ಒಂದೇ ಋತುವೆಂದು ಓದುವುದಕ್ಕಿಂತ ಆ ಗೆರೆಯ ಮೇಲೆ, ಕೆಳಗೆ ಎಂದು ಓದುವುದು ಲೇಸು. ತವರಿನ ಪಂದ್ಯ, ಹೊರಗಿನ ಪಂದ್ಯ ಎಂದು ಬೇರೆ ಮಾಡುವುದೂ ಒಳ್ಳೆಯದು. ಆದರೆ 2020–21 ಮತ್ತು 2021–22ರ ಋತುಗಳು ಕೊರೊನಾ ಕಾರಣದಿಂದ ಪೂರ್ತಿ ಗೋವಾದಲ್ಲೇ ನಡೆದವು. ಆ ಎರಡು ವರ್ಷಗಳ ‘ತವರು’ ಕಾಗದದ ಮೇಲಿನ ತವರು, ಅದನ್ನು ಕಂಠೀರವ ಕ್ರೀಡಾಂಗಣದ ಗದ್ದಲದೊಂದಿಗೆ ಹೋಲಿಸಬೇಡಿ.

ಇಷ್ಟರ ಮೇಲೆ ಬೇಕಿದ್ದವರು ನಿರೀಕ್ಷಿತ ಗೋಲು ಎಂಬ ಅಂಕಿಯನ್ನೂ ನೋಡಬಹುದು. ಒಂದು ಹೊಡೆತ ಗೋಲಾಗುವ ಸಾಧ್ಯತೆ ಎಷ್ಟು ಎಂದು ದೂರ, ಕೋನ ಮುಂತಾದವುಗಳಿಂದ ಅಂದಾಜಿಸಿ, ಎಲ್ಲ ಹೊಡೆತಗಳನ್ನೂ ಕೂಡಿದ ಮೊತ್ತ ಅದು. ಪೆನಾಲ್ಟಿಗೆ ಸಾಮಾನ್ಯವಾಗಿ 0.75ರ ಮೇಲೆ ಕೊಡುತ್ತಾರೆ. ಒಬ್ಬೊಬ್ಬರ ಅಂದಾಜಿನ ಸೂತ್ರ ಒಂದೊಂದು ತರಹ. ಒಂದು ಋತುವಿನದನ್ನು ಒಂದು ಕಡೆಯಿಂದ, ಮರುಋತುವಿನದನ್ನು ಇನ್ನೊಂದು ಕಡೆಯಿಂದ ತಂದರೆ ಮಾಪಕ ಬದಲಾಯಿಸಿ ಮಳೆ ಅಳೆದಂತಾಗುತ್ತದೆ. ಚೆಂಡಿನ ಹಿಡಿತದ ಶೇಕಡಾವಾರು ಲೆಕ್ಕವನ್ನು ನಾನು ಹಾಳೆಗೆ ಸೇರಿಸುವುದೇ ಇಲ್ಲ. ಮುನ್ನಡೆಯಲ್ಲಿರುವ ತಂಡ ಬೇಕೆಂದೇ ಚೆಂಡು ಬಿಟ್ಟುಕೊಟ್ಟು ಕಾಯುವುದುಂಟು.

ಎರಡು ವರ್ಷ ಸಾಲದು

ಕಾಫಿ ಗಿಡ ಒಂದು ವರ್ಷ ಕೊಂಬೆ ಬಾಗುವಷ್ಟು ಹಣ್ಣು ಕೊಟ್ಟರೆ ಮರುವರ್ಷ ಸೊರಗುತ್ತದೆ. ಸೊರಗಿದ ವರ್ಷವನ್ನು ಭರ್ತಿ ವರ್ಷದ ಪಕ್ಕದಲ್ಲಷ್ಟೇ ಇಟ್ಟು ನೋಡಿದವನು ತೋಟ ಹಾಳಾಯಿತೆಂದು ಹೆದರುತ್ತಾನೆ. ಇಂಗ್ಲೆಂಡಿನ ಲೆಸ್ಟರ್ ಸಿಟಿ 2014–15ರಲ್ಲಿ 41 ಅಂಕ, 2015–16ರಲ್ಲಿ 81 ಅಂಕದೊಂದಿಗೆ ಪ್ರೀಮಿಯರ್ ಲೀಗ್ ಪ್ರಶಸ್ತಿ, 2016–17ರಲ್ಲಿ 44. ಮೂರೂ 38 ಪಂದ್ಯಗಳ ಋತುಗಳೇ. ಕೊನೆಯ ಎರಡನ್ನು ಮಾತ್ರ ನೋಡಿದರೆ ಮಹಾಪತನ; ಮೂರನ್ನೂ ನೋಡಿದರೆ ಅಸಾಧಾರಣವಾದ ಒಂದು ವರ್ಷದ ಎರಡೂ ಬದಿಗೆ ತಂಡದ ಸಹಜ ಮಟ್ಟ ಕಾಣುತ್ತದೆ. ಮಧ್ಯಮೈದಾನದ ಬೆನ್ನೆಲುಬಾಗಿದ್ದ ಕಾಂಟೆ ಪ್ರಶಸ್ತಿ ಗೆದ್ದ ಬೆನ್ನಿಗೇ, 2016ರ ಬೇಸಿಗೆಯಲ್ಲಿ, ಚೆಲ್ಸಿ ತಂಡಕ್ಕೆ ಹೋದರು. ಅದನ್ನೂ ಹಾಳೆಯಲ್ಲಿ ಟಿಪ್ಪಣಿ ಮಾಡಬೇಕು. ಆದ್ದರಿಂದ ಕನಿಷ್ಠ ಮೂರು ಋತು ಬರೆಯಿರಿ, ಐದಾದರೆ ಇನ್ನೂ ಒಳ್ಳೆಯದು.

ಗೆದ್ದ ಕಪ್‌ನಿಂದಲೂ ಋತುವನ್ನು ಅಳೆಯಬೇಡಿ. ಬೆಂಗಳೂರು 2017–18ರಲ್ಲಿ 40 ಅಂಕ ಪಡೆದು, 35 ಗೋಲು ಹೊಡೆದು 16 ಬಿಟ್ಟು, ಫೈನಲ್‌ನಲ್ಲಿ ಸೋತಿತು. ಮರುವರ್ಷ 34 ಅಂಕ, ಗೋಲು 29ಕ್ಕೆ 22. ಆ ಕಡಿಮೆ ಲೆಕ್ಕದ ವರ್ಷವೇ ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು ಕಪ್ ತಂದಿತು. ಆ ಗೋಲಿನ ಸಂತೋಷವನ್ನು ಯಾವ ಹಾಳೆಯೂ ಕಡಿಮೆ ಮಾಡಲಾರದು. ಆದರೆ 18 ಪಂದ್ಯಗಳ ಆಟ ಯಾವ ವರ್ಷ ಮೇಲಿತ್ತು ಎಂದು ಕೇಳಿದರೆ ನಾನು 2017–18 ಎನ್ನುತ್ತೇನೆ.

ಕೊನೆಗೆ ಹಾಳೆಯ ಕೆಳಗೆ ಎರಡು ಸಾಲಿನ ತೀರ್ಪು ಬರೆಯಿರಿ, ಅಂಕಿಗಳ ಆಧಾರ ಸಮೇತ. ಅಳಿಯ ಬರೆದದ್ದು ಹೀಗಿತ್ತು: ‘2024–25ರಲ್ಲಿ ದಾಳಿ ಉತ್ತಮ, ಪಂದ್ಯಕ್ಕೆ 1.67. ರಕ್ಷಣೆ 2022–23ರದ್ದೇ ಮೇಲು, 1.15. ಅಂಕದ ವೇಗ 2022–23ರಲ್ಲಿ ಹೆಚ್ಚು, ಆದರೆ ಅದು ಕೊನೆಯ ಎಂಟು ಪಂದ್ಯಗಳಿಂದ ಬಂದದ್ದು.’ ಬಲಗಡೆ ಮುಂದಿನ ಋತುಗಳಿಗೆಂದು ಮೂರು ಖಾಲಿ ಅಂಕಣ ಬಿಟ್ಟು, ಹಾಳೆಯನ್ನು ಮಡಚಿ ಅಜ್ಜನ ಮಳೆ ಪುಸ್ತಕದ ಹಿಂದಿನ ರಟ್ಟಿನೊಳಗೆ ಇಟ್ಟ.