ಕಪ್ಪತಗುಡ್ಡದ ಓಟಕ್ಕೆ ಹ್ಯಾಮ್ ಸ್ವಯಂಸೇವಕರಾಗಿ ಹೋಗುವ ಮುನ್ನ

ಗದಗ ಜಿಲ್ಲೆಯ ಕಪ್ಪತಗುಡ್ಡದ ತಪ್ಪಲಿನಲ್ಲಿ ದೂರದ ಓಟವೋ ಸೈಕಲ್ ಸ್ಪರ್ಧೆಯೋ ಏರ್ಪಟ್ಟಾಗ ಹ್ಯಾಮ್‌ಗಳಿಂದ, ಅಂದರೆ ಹವ್ಯಾಸಿ ರೇಡಿಯೊ ಬಳಸುವವರಿಂದ, ಸಂಘಟಕರಿಗೆ ಮುಖ್ಯವಾಗಿ ಬೇಕಾಗುವುದು ಒಂದು ಲೆಕ್ಕ: ಯಾರು ದಾಟಿದರು, ಯಾರು ಇನ್ನೂ ದಾರಿಯಲ್ಲಿದ್ದಾರೆ. ಗುಡ್ಡದ ಮರೆಯಲ್ಲಿ ಮೊಬೈಲ್ ಕೈಕೊಟ್ಟಾಗ ಆ ಲೆಕ್ಕ ನಿಮ್ಮ ವಾಕಿಟಾಕಿಯಿಂದಲೇ ಬರಬೇಕು.

ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ಎಂಬ ಆರಂಭಿಕ ದರ್ಜೆಯ ಪರವಾನಗಿಗೆ ಮೋರ್ಸ್ ಸಂಕೇತದ ಪರೀಕ್ಷೆ ಕೂಡ ಬೇಕಿಲ್ಲ. ಈ ಸೇವೆಗೆ ಸಂಭಾವನೆ ಪಡೆಯಬಾರದು, ವ್ಯಾಪಾರದ ಸಂದೇಶಗಳನ್ನೂ ಸಾಗಿಸಬಾರದು. ಸಂಘಟಕರು ಕೊಡುವ ಗಿರ್ಮಿಟ್ಟು, ಮಿರ್ಚಿ ಭಜಿಯನ್ನು ಯಾರೂ ಸಂಭಾವನೆ ಎನ್ನಲಾರರು. ಪರವಾನಗಿ ಇನ್ನೂ ಬಾರದವರು ಪಕ್ಕದಲ್ಲಿ ಕುಳಿತು, ಯಾರು ಯಾವಾಗ ದಾಟಿದರೆಂಬ ಲಾಗ್ ಬರೆಯಲಿ. ಅದು ಸಣ್ಣ ಕೆಲಸವಲ್ಲ.

ಸ್ಪರ್ಧೆಗೆ ಒಂದು ವಾರ ಮೊದಲೇ ದಾರಿಯನ್ನು ನೋಡಿ ಬನ್ನಿ. ಸಾಮಾನ್ಯವಾಗಿ ಬಳಸುವ 2 ಮೀಟರ್ ಬ್ಯಾಂಡಿನ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನ, ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ, ನಡುವೆ ಒಂದು ಬೋರೆ ಅಡ್ಡಬಂದರೂ 5 ವಾಟ್‌ನ ವಾಕಿಟಾಕಿ ಮೂಕವಾಗಬಹುದು. ಆದ್ದರಿಂದ ಪ್ರತಿ ನೀರಿನ ಠಾಣೆಯಲ್ಲಿ ನಿಂತು ಮಾತಾಡಿ ನೋಡಿ, ಎರಡೂ ಕಡೆ ಕಾಣುವ ಎತ್ತರದಲ್ಲಿ ಸಂದೇಶ ದಾಟಿಸಲು ಒಬ್ಬರನ್ನು ನಿಲ್ಲಿಸಿರಿ. ಗುಡ್ಡವು 2019ರಿಂದ ವನ್ಯಜೀವಿಧಾಮವಾಗಿರುವುದರಿಂದ ಅದರೊಳಗೆ ನಿಲ್ಲಲು ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ಸಂಘಟಕರನ್ನು ಕೇಳಿಕೊಳ್ಳಿ. ರಬ್ಬರ್ ಆಂಟೆನಾವನ್ನೇ ನಂಬದೆ, ಬಿದಿರುಗಳಕ್ಕೆ ಕಟ್ಟುವ ಜೆ-ಪೋಲ್ ಎಂಬ ಉದ್ದನೆಯ ಆಂಟೆನಾ ಒಂದನ್ನು ಒಯ್ದರೆ ಬಹಳ ವ್ಯತ್ಯಾಸವಾಗುತ್ತದೆ. ಸಿಗ್ನಲ್ ಮುಕ್ಕಾದರೆ ಮೊದಲು ಒಂದೆರಡು ಹೆಜ್ಜೆ ಸರಿದು ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಇನ್ನು ಮಾತಾಡುವ ಬಗೆ. ಒಮ್ಮೆ ಗಾಳಿಯ ಸದ್ದಿನಲ್ಲಿ ನಾನು ‘ಎಪ್ಪತ್ತೇಳು’ ಎಂದದ್ದನ್ನು, ಎಲ್ಲ ಠಾಣೆಗಳ ಸಂದೇಶ ಸೇರುವ ಕಂಟ್ರೋಲ್‌ನಲ್ಲಿದ್ದವರು ‘ಎಂಬತ್ತೇಳು’ ಎಂದು ಬರೆದುಕೊಂಡರು. ಆಗಲೇ ಗುರಿ ಮುಟ್ಟಿ ನೀರು ಕುಡಿಯುತ್ತಿದ್ದ ಓಟಗಾರನನ್ನು ಅರ್ಧ ತಾಸು ಹುಡುಕಿದೆವು. ಅಂದಿನಿಂದ ಎದೆಯ ಮೇಲಿನ ನಂಬರನ್ನು ‘ಏಳು, ಏಳು’ ಎಂದು ಬಿಡಿಬಿಡಿಯಾಗಿಯೇ ಹೇಳುತ್ತೇನೆ, ಕೇಳಿದವರಿಂದ ಮರಳಿ ಹೇಳಿಸಿಕೊಳ್ಳುತ್ತೇನೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಶುರುಮಾಡಿ, ಇಲ್ಲದಿದ್ದರೆ ಮೊದಲ ಅಂಕಿಯೇ ನುಂಗಿಹೋಗುತ್ತದೆ. ‘ಮೂರನೇ ಠಾಣೆ’ ಎಂಬ ಹೆಸರು ಅನುಕೂಲವೇನೋ ಸರಿ, ಆದರೆ ಪರವಾನಗಿಯಲ್ಲಿ ನಿಮಗೆ ಕೊಟ್ಟ ಗುರುತಾದ ಕಾಲ್‌ಸೈನ್ ಹೇಳುವುದನ್ನು ಅದು ತಪ್ಪಿಸುವುದಿಲ್ಲ.

ಯಾರಾದರೂ ಬಿದ್ದರೆ ‘ತುರ್ತು’ ಎಂದಷ್ಟೇ ಕೂಗಿ, ಕಂಟ್ರೋಲ್ ಉತ್ತರಿಸಿದ ಮೇಲೆ ಸ್ಥಳ, ನಂಬರ್, ಗಾಯದ ಸ್ಥಿತಿ, ವಾಹನ ಎಲ್ಲಿಯವರೆಗೆ ಬರಬಲ್ಲದು ಎಂಬುದನ್ನು ಈ ಕ್ರಮದಲ್ಲೇ ತಿಳಿಸಿ. ಹೆಸರು ಹೇಳಬೇಡಿ, ಹ್ಯಾಮ್ ಬ್ಯಾಂಡಿನ ಮಾತು ಯಾರ ಕಿವಿಗಾದರೂ ಬೀಳುತ್ತದೆ. 108ಕ್ಕೆ ಕರೆ ಮಾಡುವ ಹೊಣೆ ಕಂಟ್ರೋಲ್‌ನದು. ಉಳಿದ ಠಾಣೆಗಳು ಆಗ ಸುಮ್ಮನಿರಬೇಕು. ಹೊಸಬರಿಗೆ ಇದೇ ಎಲ್ಲಕ್ಕಿಂತ ಕಷ್ಟ.

ಹೆಚ್ಚುವರಿ ಬ್ಯಾಟರಿ, ಟೊಪ್ಪಿಗೆ, ಪೆನ್ಸಿಲ್ ಜೊತೆಗಿರಲಿ. ಕೊನೆಯ ಓಟಗಾರನ ಹಿಂದೆ ಬರುವ ತಂಡ ನಿಮ್ಮ ಠಾಣೆಯನ್ನು ದಾಟಿ, ಅರ್ಧಕ್ಕೆ ಬಿಟ್ಟವರೂ ಸೇರಿ ನಿಮ್ಮ ಲಾಗ್ ಮತ್ತು ಕಂಟ್ರೋಲ್‌ನ ಲಾಗ್ ತಾಳೆಯಾಗಿ, ಅಲ್ಲಿಂದ ಅನುಮತಿ ಬಂದ ಮೇಲೆಯೇ ಆಂಟೆನಾ ಇಳಿಸಿ.